ರೂಬಾರ್ಬ್: ಹಿತ್ತಲಿನ ಬೆಳೆ ಮತ್ತು ಅಡಿಗೆಯ ವಸ್ತು

ಉತ್ತರ ಇಂಗ್ಲೆಂಡಿನ ಮನೆಗಳಲ್ಲಿ, ಹಿತ್ತಲಿಗೆಂದು ನಾಲ್ಕು ಗಜ ನೆಲವಿದ್ದರೆ ಅದರ ಒಂದು ಮೂಲೆಯನ್ನು ರೂಬಾರ್ಬ್ ಗಿಡಕ್ಕೆ ಬಿಡುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಗಿಡವೆಂದರೆ ನೆಟ್ಟಗೆ ನಿಲ್ಲುವ ಕಾಂಡವುಳ್ಳ ಗಿಡವಲ್ಲ. ನೆಲದ ಮಟ್ಟದಲ್ಲಿರುವ ದಪ್ಪನೆಯ ಬುಡಗಡ್ಡೆಯೊಂದರಿಂದ ನೇರವಾಗಿ ಹೊರಡುವ ದೊಡ್ಡ ದೊಡ್ಡ ಎಲೆಗಳ ಒಂದು ಪೊದೆ. ಎಲೆಯ ಅಲಗು ಮೊರದಷ್ಟು ಅಗಲವಾಗುವುದುಂಟು. ಅದನ್ನು ಹೊರುವ ತೊಟ್ಟು ಹೆಬ್ಬೆರಳಿನ ದಪ್ಪಕ್ಕೆ ಬೆಳೆದು, ಕೆಂಪಾಗಿಯೋ ಹಸುರಾಗಿಯೋ ಎರಡರ ಬೆರಕೆಯಾಗಿಯೋ ಇರುತ್ತದೆ. ತಿನ್ನುವುದು ಈ ತೊಟ್ಟನ್ನು ಮಾತ್ರ. ನಮ್ಮ ಕಡೆ ಕೆಸುವಿನ ದಂಟೆಂದು ಕರೆಯುವ ಭಾಗಕ್ಕೆ ಇದು ಸಮಾನವಾದುದರಿಂದ ಈ ಲೇಖನದಲ್ಲಿ ಇದನ್ನು ದಂಟೆಂದೇ ಕರೆಯುತ್ತೇವೆ.

ದಂಟು ತರಕಾರಿಯೋ ಹಣ್ಣೋ ಎಂಬ ಜಿಜ್ಞಾಸೆ ಒಮ್ಮೆ ನ್ಯಾಯಾಲಯದವರೆಗೂ ಹೋಗಿದೆ. ಅಮೆರಿಕದ ಬಫೆಲೋ ನಗರದಲ್ಲಿ 1947ರಲ್ಲಿ ಸುಂಕದ ನ್ಯಾಯಾಲಯವು, ಜನ ಇದನ್ನು ಹಣ್ಣಿನಂತೆ ಬಳಸುವರಾದ್ದರಿಂದ ಸುಂಕದ ಮಟ್ಟಿಗೆ ಇದು ಹಣ್ಣೆಂದು ತೀರ್ಪಿತ್ತಿತು. ಸಸ್ಯಶಾಸ್ತ್ರವು ಇದನ್ನು ಒಪ್ಪಲಾರದು. ಅದರ ಪ್ರಕಾರ ರೂಬಾರ್ಬ್ ಪಾಲಿಗೊನೇಸಿ ಕುಟುಂಬದ ರೀಯಮ್ ಜಾತಿಗೆ ಸೇರಿದ ಬಹುವಾರ್ಷಿಕ ಸಸ್ಯ. ನಮ್ಮ ಚುಕ್ಕಿ ಸೊಪ್ಪು ಇದೇ ಕುಟುಂಬದ ಹತ್ತಿರದ ನೆಂಟ. ಎರಡರಲ್ಲಿಯೂ ಇರುವ ಹುಳಿ ಈ ನೆಂಟತನದ ಗುರುತು.

ಕನ್ನಡ ನಾಡಿಗೆ ರೂಬಾರ್ಬಿನ ಪರಿಚಯ ಅಡಿಗೆಯ ಮನೆಯಿಂದ ಬಂದುದಲ್ಲ, ಗ್ರಂಥಿಗೆ ಅಂಗಡಿಯಿಂದ ಬಂದುದು. ಅಲ್ಲಿ ರೇವಾಚಿನ್ನಿ ಎಂಬ ಹೆಸರಿನಲ್ಲಿ ಮಾರುವ ಹಳದಿ ಬಣ್ಣದ ಒಣ ಬೇರು ಇದೇ ರೀಯಮ್ ಜಾತಿಯ ಕೆಲವು ಪ್ರಭೇದಗಳದು. ಹೆಸರಿನ ಕೊನೆಯಲ್ಲಿರುವ ‘ಚಿನ್ನಿ’ ಎಂಬುದು ಚೀನ ದೇಶವನ್ನು ಸೂಚಿಸುತ್ತದೆ. ಚೀನೀಯರು ಇದನ್ನು ‘ಮಹಾಪೀತ’ ಎಂದು ಅರ್ಥಬರುವ ಹೆಸರಿನಿಂದ ಕರೆದು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ವಿರೇಚನೌಷಧವಾಗಿ ಬಳಸಿದ್ದಾರೆ. ಈ ಬೇರಿಗಾಗಿ ಒಂಟೆಯ ಸಾಲುಗಳು ಮಧ್ಯ ಏಷ್ಯವನ್ನು ದಾಟಿದವು. ರಷ್ಯದ ಸರ್ಕಾರ ಇದರ ವ್ಯಾಪಾರವನ್ನು ಬಹುಕಾಲ ತನ್ನ ಏಕಸ್ವಾಮ್ಯದಲ್ಲಿಟ್ಟುಕೊಂಡಿತು. ಅಫೀಮಿನ ವ್ಯಾಪಾರವನ್ನು ನಿಲ್ಲಿಸಲು 1839ರಲ್ಲಿ ಕ್ಯಾಂಟನ್ನಿಗೆ ಬಂದ ಚೀನದ ಅಧಿಕಾರಿ ಲಿನ್ ಜೆಶು ವಿಕ್ಟೋರಿಯಾ ರಾಣಿಯನ್ನು ಉದ್ದೇಶಿಸಿ ಬರೆದ ಪತ್ರದಲ್ಲಿ, ಚೀನದ ಚಹಾ ಮತ್ತು ರೂಬಾರ್ಬ್ ಇಲ್ಲದೆ ಹೊರದೇಶದವರಿಗೆ ಒಂದು ದಿನವೂ ಸಾಗದೆಂಬ ಭಾವವಿದೆ. ವಿನೋದವೆಂದರೆ, ಆ ವೇಳೆಗೆ ಇಂಗ್ಲೆಂಡಿನ ಜನ ಬೇರಿನ ಮಾತನ್ನು ಬಿಟ್ಟು ದಂಟಿನ ಹಿಂದೆ ಬಿದ್ದಿದ್ದರು.

ಔಷಧಕ್ಕೆಂದು ಬೀಜ ತರಿಸಿ ಬೆಳೆಸಿದ ಗಿಡ ಅಡಿಗೆಗೆ ತಿರುಗಿದುದಕ್ಕೆ ಮುಖ್ಯ ಕಾರಣ ಸಕ್ಕರೆಯ ಬೆಲೆ ಇಳಿದುದು. ಸಕ್ಕರೆಯಿಲ್ಲದ ರೂಬಾರ್ಬ್ ದಂಟು ಹಲ್ಲು ಚಳಿಯುವಷ್ಟು ಹುಳಿ. ಸಕ್ಕರೆ ಶ್ರೀಮಂತರ ಸೊತ್ತಾಗಿದ್ದಷ್ಟು ಕಾಲ ಅದನ್ನು ಬಡವರು ತಿನ್ನುವ ಪ್ರಶ್ನೆಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ಬಳಿಯ ಡೆಟ್‌ಫರ್ಡ್‌ನಲ್ಲಿ ತೋಟ ಮಾಡುತ್ತಿದ್ದ ಜೋಸೆಫ್ ಮಯಾಟ್ ದಂಟಿನ ಕಟ್ಟುಗಳನ್ನು ಮಾರುಕಟ್ಟೆಗೆ ತಂದು ಮಾರಿದನು. ರಾಣಿ ಪಟ್ಟಕ್ಕೆ ಬಂದ 1837ರ ಸುಮಾರಿನಲ್ಲಿ ಅವನು ಹೊರಡಿಸಿದ ‘ವಿಕ್ಟೋರಿಯಾ’ ತಳಿ ಇಂದಿಗೂ ಹಿತ್ತಲುಗಳಲ್ಲಿ ಉಳಿದುಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಸಂಬಂಧ ಬೇರೊಂದು ರೀತಿಯಲ್ಲಿ ಗೋಚರವಾಯಿತು. ಬ್ರಿಟನ್ನಿನಲ್ಲಿ 1940ರಿಂದ 1953ರವರೆಗೆ ಸಕ್ಕರೆಗೆ ಪಡಿತರ; ರೂಬಾರ್ಬ್ ಮಾತ್ರ ಹಿತ್ತಲಲ್ಲಿ ಯಥೇಚ್ಛ. ಸಾಕಷ್ಟು ಸಕ್ಕರೆ ಕಾಣದ ಆ ಹುಳಿಯನ್ನು ನುಂಗಿ ಬೆಳೆದ ಒಂದು ತಲೆಮಾರು ಮುಂದೆ ಅದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿತ್ತೆಂದರೆ ಆಶ್ಚರ್ಯವಿಲ್ಲ.

ಈ ಸಸ್ಯದ ಸ್ವಭಾವವನ್ನು ಅರಿಯಬೇಕಾದರೆ ಅದರ ಚಳಿಗಾಲವನ್ನು ಅರಿಯಬೇಕು. ಶರತ್ಕಾಲದಲ್ಲಿ ಎಲೆಗಳೆಲ್ಲ ಒಣಗಿ ಬೀಳುತ್ತವೆ. ಬೇಸಗೆಯಲ್ಲಿ ತಯಾರಾದ ಆಹಾರವೆಲ್ಲ ಪಿಷ್ಟರೂಪದಲ್ಲಿ ಬುಡಗಡ್ಡೆಯನ್ನೂ ಬೇರುಗಳನ್ನೂ ಸೇರಿ, ಮೊಗ್ಗುಗಳು ಸುಪ್ತಾವಸ್ಥೆಗೆ ಇಳಿಯುತ್ತವೆ. ಈ ನಿದ್ರೆ ತಾನಾಗಿ ಮುಗಿಯುವುದಿಲ್ಲ. ಮಣ್ಣಿನ ಉಷ್ಣತೆ ಸುಮಾರು 4 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿದು, ಅನೇಕ ವಾರ ಹಾಗೆಯೇ ಇದ್ದರೆ ಮಾತ್ರ ಮೊಗ್ಗು ಎಚ್ಚರಗೊಳ್ಳಲು ಸಿದ್ಧವಾಗುತ್ತದೆ. ಎಷ್ಟು ಚಳಿ ಬೇಕೆಂಬುದು ತಳಿಯಿಂದ ತಳಿಗೆ ಬೇರೆ: ‘ಟಿಂಪರ್ಲಿ ಅರ್ಲಿ’ ಎಂಬುದು ಸ್ವಲ್ಪದರಲ್ಲಿ ತೃಪ್ತಿಪಡುತ್ತದೆ, ‘ವಿಕ್ಟೋರಿಯಾ’ ಬಹಳ ಕೇಳುತ್ತದೆ. ಸೆಕೆಯನ್ನೂ ಗಿಡ ಸಹಿಸದು. ಸರಾಸರಿ ಉಷ್ಣತೆ 24 ಡಿಗ್ರಿಯನ್ನು ದಾಟಿದರೆ ಬೆಳವಣಿಗೆ ಕುಂಠಿತವಾಗಿ ದಂಟುಗಳು ಸಣಕಲಾಗುತ್ತವೆ. ಬೆಂಗಳೂರಿನ ಚಳಿಯನ್ನು ನಾವು ಎಷ್ಟೇ ಹೊಗಳಿಕೊಂಡರೂ ರೂಬಾರ್ಬಿನ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ಇಲ್ಲಿ ಇದನ್ನು ಬೆಳೆಸಲೇಬೇಕೆನ್ನುವವರು, ಬೆಚ್ಚನೆಯ ಸೀಮೆಗಳಲ್ಲಿ ಕೆಲವರು ಮಾಡುವಂತೆ, ಮಳೆಗಾಲದ ಕೊನೆಯಲ್ಲಿ ಬೀಜ ಬಿತ್ತಿ, ತಂಪಿನ ತಿಂಗಳುಗಳಲ್ಲಿ ತೆಳು ದಂಟುಗಳನ್ನು ಕಿತ್ತು, ಬೇಸಗೆಗೆ ಗಿಡದ ಆಸೆ ಬಿಡಬೇಕಾಗುತ್ತದೆ.

ಆದ್ದರಿಂದ ಮುಂದೆ ಹೇಳುವ ಕೃಷಿಕ್ರಮ ಬ್ರಿಟನ್ನಿನ ಹವೆಗೆ ಸಂಬಂಧಿಸಿದುದು. ಅಲ್ಲಿ ಮನೆಮಾಡಿ ನಿಂತಿರುವ ಕನ್ನಡಿಗರಿಗೂ ಅದು ಉಪಯೋಗವಾದೀತು. ಬೀಜದಿಂದ ಬಂದ ಸಸಿಗಳು ತಾಯಿಯನ್ನು ಹೋಲುವುದಿಲ್ಲವಾದ್ದರಿಂದ ಬುಡಗಡ್ಡೆಯ ತುಂಡನ್ನೇ ನೆಡುವುದು ರೂಢಿ. ನವೆಂಬರಿನಿಂದ ಮಾರ್ಚಿಯವರೆಗೆ, ಗಿಡ ನಿದ್ರಿಸುತ್ತಿರುವಾಗ, ಹಳೆಯ ಗಡ್ಡೆಯನ್ನು ಅಗೆದು ಗುದ್ದಲಿಯಿಂದ ಸೀಳಿ, ಪ್ರತಿ ತುಂಡಿಗೂ ಕನಿಷ್ಠ ಒಂದು ದಪ್ಪ ಮೊಗ್ಗಿರುವಂತೆ ನೋಡಿಕೊಳ್ಳಬೇಕು. ನೀರು ನಿಲ್ಲದ, ಬಿಸಿಲು ಬೀಳುವ ಜಾಗದಲ್ಲಿ ಆಳವಾಗಿ ಅಗೆದು, ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರಸಿ, ಗಿಡಕ್ಕೂ ಗಿಡಕ್ಕೂ ಸುಮಾರು 90 ಸೆಂಟಿಮೀಟರ್ ಬಿಟ್ಟು ನೆಡುತ್ತಾರೆ. ಮೊಗ್ಗಿನ ತುದಿ ನೆಲದ ಮಟ್ಟದಲ್ಲಿಯೇ ಇರಬೇಕು; ಆಳಕ್ಕೆ ಹೂತರೆ, ಅಥವಾ ಗೊಬ್ಬರವನ್ನು ಅದರ ನೆತ್ತಿಯ ಮೇಲೆಯೇ ಸುರಿದರೆ, ಬುಡ ಕೊಳೆಯುತ್ತದೆ. ಈ ಕೊಳೆರೋಗವನ್ನು ಬಿಟ್ಟರೆ ಗಿಡಕ್ಕೆ ದೊಡ್ಡ ಶತ್ರುಗಳಿಲ್ಲ.

ಬೇಕಾದುದು ತಾಳ್ಮೆ. ಮೊದಲನೆಯ ವರ್ಷ ಒಂದು ದಂಟನ್ನೂ ಮುಟ್ಟಬಾರದು. ಎರಡನೆಯ ವರ್ಷ ನಾಲ್ಕಾರು ದಂಟುಗಳಷ್ಟೆ. ಮೂರನೆಯ ವರ್ಷದಿಂದ ಯಥೇಷ್ಟವಾಗಿ ಕೀಳಬಹುದಾದರೂ, ಒಮ್ಮೆಗೆ ಅರ್ಧಕ್ಕಿಂತ ಹೆಚ್ಚು ದಂಟುಗಳನ್ನು ತೆಗೆಯುವುದು ಗಿಡವನ್ನು ಉಪವಾಸ ಕೆಡವಿದಂತೆ. ಜೂನಿನ ಕೊನೆಗೆ ಕೀಳುವುದನ್ನು ನಿಲ್ಲಿಸಿದರೆ ಉಳಿದ ಎಲೆಗಳು ಮುಂದಿನ ವರ್ಷದ ಸಂಗ್ರಹವನ್ನು ಮಾಡಿಕೊಳ್ಳುತ್ತವೆ. ದಂಟನ್ನು ಚಾಕುವಿನಿಂದ ಕೊಯ್ಯಬಾರದು. ಉಳಿದ ಮೋಟು ಕೊಳೆತು ಬುಡಕ್ಕೆ ರೋಗ ತರುತ್ತದೆ. ಬುಡದ ಹತ್ತಿರ ಹಿಡಿದು, ಸ್ವಲ್ಪ ತಿರುಚಿ ಎಳೆದರೆ ಅದು ಇಡಿಯಾಗಿ ಕಳಚಿ ಬರುತ್ತದೆ. ನಡುವೆ ಹೂಗೊಂಚಲು ತಲೆಯೆತ್ತಿದರೆ ಆಗಲೇ ತೆಗೆದುಬಿಡಬೇಕು. ಐದಾರು ವರ್ಷಗಳಿಗೊಮ್ಮೆ ಗಡ್ಡೆಯನ್ನು ಸೀಳಿ ಹೊಸ ಜಾಗಕ್ಕೆ ಬದಲಾಯಿಸಿದರೆ ಗಿಡ ಎಳೆಯದಾಗಿಯೇ ಉಳಿಯುತ್ತದೆ.

ರೂಬಾರ್ಬನ್ನು ಕತ್ತಲಲ್ಲಿ ಬೆಳೆಸುವ ವಿಧಾನ ಇದಕ್ಕಿಂತ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಲಂಡನ್ನಿನ ಚೆಲ್ಸಿ ಔಷಧೋದ್ಯಾನದಲ್ಲಿ ಅಗೆದ ಮಣ್ಣು ಅಕಸ್ಮಾತ್ತಾಗಿ ಕೆಲವು ಗಿಡಗಳನ್ನು ಮುಚ್ಚಿತೆಂದೂ, ಮಣ್ಣು ಸರಿಸಿದಾಗ ಅದರಡಿಯಲ್ಲಿ ನಸುಗೆಂಪಿನ ಎಳೆಯ ದಂಟುಗಳು ಕಂಡವೆಂದೂ ಹೇಳುತ್ತಾರೆ. ಕಾರಣವನ್ನು ಸುಲಭವಾಗಿ ವಿವರಿಸಬಹುದು. ಬೆಳಕಿಲ್ಲದಿದ್ದರೆ ಎಲೆಯಲ್ಲಿ ಪತ್ರಹರಿತ್ತು ತಯಾರಾಗುವುದಿಲ್ಲ; ಎಲೆಯ ಅಲಗು ಹಳದಿಯಾಗಿ ಮುದುಡಿಕೊಂಡೇ ಇರುತ್ತದೆ; ಬೆಳಕನ್ನು ಹುಡುಕಿಕೊಂಡು ದಂಟು ಮಾತ್ರ ಉದ್ದವಾಗುತ್ತ ಹೋಗುತ್ತದೆ. ಅದಕ್ಕೆ ಬೇಕಾದ ಆಹಾರವೆಲ್ಲ ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟದಿಂದ ಬರುತ್ತದೆ. ನಾರು ಕಡಮೆ, ಹುಳಿಯೂ ಹಿತ, ಬಣ್ಣವೋ ಗುಲಾಬಿ. ಹಿತ್ತಲಿನಲ್ಲಿ ಇದನ್ನು ಮಾಡಲು ಜನವರಿಯ ಸುಮಾರಿಗೆ ಗಡ್ಡೆಯ ಮೇಲೆ ಒಣಹುಲ್ಲು ಹರಡಿ, ತೂತಿಲ್ಲದ ದೊಡ್ಡ ಕುಂಡವನ್ನೋ ಬಕೀಟನ್ನೋ ಬೋರಲು ಹಾಕಿದರೆ ಸಾಕು. ಎಂಟು ವಾರಗಳ ಸುಮಾರಿಗೆ ದಂಟು ಕೈಗೆ ಬರುತ್ತದೆ. ಹೀಗೆ ತನ್ನ ಕೂಡಿಟ್ಟ ಹಣವನ್ನು ಖರ್ಚುಮಾಡಿದ ಗಿಡಕ್ಕೆ ಮುಂದೆ ಒಂದೆರಡು ವರ್ಷ ಪೂರ್ಣ ವಿಶ್ರಾಂತಿ ಬೇಕು.

ಇದನ್ನು ಉದ್ಯಮವಾಗಿ ಬೆಳೆಸಿದವರು ಯಾರ್ಕ್‌ಷೈರಿನ ರೈತರು. ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಊರುಗಳ ನಡುವಣ ತ್ರಿಕೋನಾಕಾರದ ಸೀಮೆಯಲ್ಲಿ 1870ರ ದಶಕದಿಂದ ಇದಕ್ಕೆಂದೇ ಕಟ್ಟಿದ ತಗ್ಗು ಮಾಡಿನ ಕತ್ತಲೆಮನೆಗಳಿವೆ. ಗಿಡವನ್ನು ಎರಡು ವರ್ಷ ಬಯಲಿನಲ್ಲಿ ಕೀಳದೆ ಬೆಳೆಸಿ, ಹಿಮದ ಚಳಿ ಸಾಕಷ್ಟು ತಾಕಿದ ಮೇಲೆ ಗಡ್ಡೆಗಳನ್ನು ಅಗೆದು ಈ ಬೆಚ್ಚನೆಯ ಕೋಣೆಗಳಿಗೆ ಸಾಗಿಸುತ್ತಾರೆ. ಹತ್ತಿರದ ಗಣಿಗಳ ಕಲ್ಲಿದ್ದಲು ಕೋಣೆಗಳಿಗೆ ಕಾವು ಕೊಟ್ಟಿತು. ಆ ಸೀಮೆಯ ಉಣ್ಣೆಯ ಗಿರಣಿಗಳ ಕಸ ಹೊಲಕ್ಕೆ ಗೊಬ್ಬರವಾಗಿ, ನಿಧಾನವಾಗಿ ಕೊಳೆಯುತ್ತ ಸಾರಜನಕವನ್ನು ಒದಗಿಸಿತು. ಒಂದು ಉದ್ಯಮದ ಕಸ ಮತ್ತೊಂದರ ಸಾರವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಬೆಳಕು ಸೋಂಕದಿರಲೆಂದು ಕೊಯ್ಲು ಮೋಂಬತ್ತಿಯ ಮಂದ ಬೆಳಕಿನಲ್ಲಿ ನಡೆಯುತ್ತದೆ. ಮೊಗ್ಗಿನ ಸಿಪ್ಪೆ ಬಿರಿದು ದಂಟು ಹೊರಬರುವಾಗ ಸಣ್ಣ ಶಬ್ದವಾಗುವುದೆಂಬುದು ಉತ್ಪ್ರೇಕ್ಷೆಯಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ಅದು ಕಿವಿಗೆ ಕೇಳಿಸುತ್ತದೆ. ಐರೋಪ್ಯ ಒಕ್ಕೂಟವು 2010ರಲ್ಲಿ ಈ ಬೆಳೆಯ ಹೆಸರಿಗೆ ಸ್ಥಳಮೂಲದ ರಕ್ಷಣೆಯನ್ನು ನೀಡಿತು. ಚಳಿ ಸಾಲದ ವರ್ಷಗಳಲ್ಲಿ ಗಿಬರೆಲಿಕ್ ಆಮ್ಲವನ್ನು ಹಾಕಿ ಮೊಗ್ಗನ್ನು ಎಚ್ಚರಿಸುವ ಕ್ರಮವೂ ಉಂಟು.

ಇನ್ನು ಎಲೆಯ ವಿಷಯ. ಮೇಲೆ ಹೇಳಿದುದನ್ನೆಲ್ಲ ಓದುಗರು ಮರೆತರೂ ಇದನ್ನು ಮರೆಯಬಾರದೆಂಬುದು ನಮ್ಮ ಪ್ರಾರ್ಥನೆ. ರೂಬಾರ್ಬಿನ ದಂಟು ಆಹಾರ; ಅದೇ ದಂಟಿನ ತುದಿಯಲ್ಲಿರುವ ಎಲೆಯ ಅಲಗು ವಿಷ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತರಕಾರಿಯ ಅಭಾವ ಉಂಟಾದಾಗ, ಈ ಎಲೆಗಳನ್ನು ಸೊಪ್ಪಿನಂತೆ ಬೇಯಿಸಿ ತಿನ್ನಬಹುದೆಂಬ ಸಲಹೆ ಬ್ರಿಟನ್ನಿನಲ್ಲಿ ಹೊರಟಿತು. ಅದನ್ನು ನಂಬಿ ತಿಂದವರಲ್ಲಿ ಕೆಲವರು ಕಾಯಿಲೆ ಬಿದ್ದರು, ಕೆಲವರು ಸತ್ತರು. 1917ರಲ್ಲಿಯೇ ಅದರ ವಿರುದ್ಧ ಎಚ್ಚರಿಕೆಗಳು ಪ್ರಕಟವಾದವು. ತಿಂದವರು ಅಜ್ಞಾನಿಗಳಾಗಿರಲಿಲ್ಲ, ದಂಟು ತಿನ್ನಬಹುದಾದರೆ ಎಲೆಯನ್ನೇಕೆ ಚೆಲ್ಲಬೇಕೆಂಬುದು ಮಿತವ್ಯಯಿಯಾದ ಯಾವ ಮನೆಯವರಿಗೂ ಹೊಳೆಯುವ ಮಾತು.

ಎಲೆಯಲ್ಲಿರುವ ಆಕ್ಸಾಲಿಕ್ ಆಮ್ಲವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ರಕ್ತವನ್ನು ಸೇರಿದ ಆಕ್ಸಾಲಿಕ್ ಆಮ್ಲ ಅಲ್ಲಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಕರಗದ ಲವಣವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಮ್ ಇಳಿದರೆ ಸ್ನಾಯುಗಳು ಸೆಡೆಯುತ್ತವೆ. ಲವಣದ ಹರಳುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಆದರೆ ಈ ವಿವರಣೆ ಪೂರ್ಣವಲ್ಲವೆಂದು ನಮಗೆ ತೋರುತ್ತದೆ. ರೂಬಾರ್ಬ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲವಿರುವುದು ನೂರಕ್ಕೆ ಅರ್ಧದ ಸುಮಾರು. ನಾವು ನಿತ್ಯ ತಿನ್ನುವ ಪಾಲಕ ಸೊಪ್ಪಿನಲ್ಲಿ ಆಕ್ಸಲೇಟಿನ ಪ್ರಮಾಣ ಅದಕ್ಕೆ ಕಡಮೆಯಿಲ್ಲ, ಅನೇಕ ವೇಳೆ ಹೆಚ್ಚು. ಆದುದರಿಂದ ಬೇರಿನಲ್ಲಿ ವಿರೇಚಕವಾಗಿರುವ ಆಂತ್ರಕ್ವಿನೋನ್ ಜಾತಿಯ ವಸ್ತುಗಳೂ ಎಲೆಯಲ್ಲಿ ಕೆಲಸಮಾಡುತ್ತವೆಯೆಂದು ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಆಮ್ಲದ ಲೆಕ್ಕದಿಂದ ಮಾತ್ರ ನೋಡಿದರೆ ಪ್ರಾಣಹಾನಿಗೆ ಹಲವು ಕಿಲೋಗ್ರಾಂ ಎಲೆ ಬೇಕಾಗುತ್ತದೆ. ಆದರೆ ಸತ್ತವರು ಅಷ್ಟನ್ನು ತಿಂದಿರಲಾರರು. ಕಾರಣ ಯಾವುದೇ ಆಗಲಿ, ಎಲೆ ತಿನ್ನತಕ್ಕದ್ದಲ್ಲ. ಬೇಯಿಸುವ ನೀರಿಗೆ ಅಡಿಗೆ ಸೋಡ ಹಾಕಿದರೆ ದೋಷ ಹೋಗುವುದೆಂಬುದು ತಪ್ಪು ತಿಳಿವಳಿಕೆ. ಸೋಡಿಯಮ್ಮಿನ ಆಕ್ಸಲೇಟು ನೀರಿನಲ್ಲಿ ಕರಗುವುದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ಇಳಿಯದು.

ಇಲ್ಲಿ ನಮ್ಮ ಮಲೆನಾಡು ಮತ್ತು ಕರಾವಳಿಯ ಪಾಕಜ್ಞಾನ ಒಂದು ರೀತಿಯಲ್ಲಿ ದಾರಿತಪ್ಪಿಸೀತು. ಕೆಸುವಿನ ಎಲೆಯನ್ನು ಹುಣಸೆಹಣ್ಣಿನೊಡನೆ ಚೆನ್ನಾಗಿ ಬೇಯಿಸಿ ಪತ್ರೊಡೆ ಮಾಡುವವರಿಗೆ, ತುರಿಸುವ ಎಲೆಯನ್ನು ಪಳಗಿಸುವ ಉಪಾಯ ತಿಳಿದೇ ಇದೆ. ಆದರೆ ಕೆಸುವಿನ ತುರಿಕೆಗೆ ಕಾರಣ ಸೂಜಿಯಂತಿರುವ, ನೀರಿನಲ್ಲಿ ಕರಗದ ಕ್ಯಾಲ್ಸಿಯಮ್ ಆಕ್ಸಲೇಟಿನ ಹರಳುಗಳು. ಅವು ನಾಲಗೆ ಗಂಟಲುಗಳನ್ನು ಚುಚ್ಚಿ ತಿನ್ನುವವನನ್ನು ಮೊದಲೇ ಎಚ್ಚರಿಸುತ್ತವೆ. ರೂಬಾರ್ಬಿನ ಎಲೆಯಲ್ಲಿ ಕರಗುವ ಭಾಗವೂ ಇದ್ದು, ಅಂಥ ಎಚ್ಚರಿಕೆಯಿಲ್ಲದೆ ಒಳಗೆ ಹೋಗಬಲ್ಲದು. ಹುಣಸೆ ಇದಕ್ಕೆ ಮದ್ದಲ್ಲ. ಮಕ್ಕಳು ತಿಳಿಯದೆ ಎಲೆಯನ್ನು ತಿಂದು ಬಾಯುರಿ, ವಾಂತಿ, ಹೊಟ್ಟೆನೋವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಿತ್ತ ಕೂಡಲೇ ಹಿತ್ತಲಿನಲ್ಲಿಯೇ ಎಲೆಯನ್ನು ಕತ್ತರಿಸಿ ತಿಪ್ಪೆಗೆ ಹಾಕುವುದು ಲೇಸು. ಕೊಳೆಯುವಾಗ ಆಮ್ಲ ನಾಶವಾಗುವುದರಿಂದ ಗೊಬ್ಬರಕ್ಕೆ ದೋಷವಿಲ್ಲ. ಸೀದ ಪಾತ್ರೆಯನ್ನು ಈ ಎಲೆಯಿಂದ ಉಜ್ಜಿ ಬೆಳಗುವ ರೂಢಿಯೂ ಇದೆ. ನಮ್ಮವರು ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗಿದ ಹಾಗೆ. ಕಡು ಹಿಮ ಬಿದ್ದು ದಂಟುಗಳು ಮೆತ್ತಗಾಗಿ ಜೋತುಬಿದ್ದಿದ್ದರೆ ಅವನ್ನೂ ತಿನ್ನಬಾರದೆಂದು ತೋಟಗಾರಿಕೆಯ ತಜ್ಞರು ಹೇಳುತ್ತಾರೆ.

ದಂಟಿನ ಹುಳಿಗೆ ಮುಖ್ಯ ಕಾರಣ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಆಕ್ಸಾಲಿಕ್ ಆಮ್ಲವೂ ಇದೆ, ಆದರೆ ಆರೋಗ್ಯವಂತರಿಗೆ ತೊಂದರೆಕೊಡುವಷ್ಟಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ಮಾತ್ರ ದೂರವಿರಬೇಕು. ಇಂಗ್ಲೆಂಡಿನವರು ಇದನ್ನು ಹಾಲಿನ ಕಸ್ಟರ್ಡಿನೊಡನೆ ತಿನ್ನುವುದರಲ್ಲಿ ರುಚಿಯಲ್ಲದೆ ಯುಕ್ತಿಯೂ ಇದೆ: ಹಾಲಿನ ಕ್ಯಾಲ್ಸಿಯಮ್ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ರಕ್ತಕ್ಕೆ ಹೋಗದಂತೆ ತಡೆಯುತ್ತದೆ. ಬೇಯಿಸಲು ಅಲ್ಯೂಮಿನಿಯಮ್, ಕಬ್ಬಿಣ, ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳು ಸಲ್ಲವು. ಉಕ್ಕಿನ ಅಥವಾ ಪಿಂಗಾಣಿಯ ಪಾತ್ರೆ ಒಳ್ಳೆಯದು.

ದಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ ಬೇರೆ ನೀರು ಹಾಕುವ ಅಗತ್ಯ ಬಹುಮಟ್ಟಿಗೆ ಇಲ್ಲ. ಅರ್ಧ ಕಿಲೋಗ್ರಾಂ ದಂಟನ್ನು ಎರಡು ಬೆರಳಗಲದ ತುಂಡುಮಾಡಿ, 100 ಗ್ರಾಂ ಸಕ್ಕರೆ ಉದುರಿಸಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ ಹತ್ತು ನಿಮಿಷದಲ್ಲಿ ಬೆಂದಿರುತ್ತದೆ. ಸೌಟು ಆಡಿಸಿದರೆ ಕರಗಿ ಗಂಜಿಯಾಗುತ್ತದೆ. ತುಂಡುಗಳು ಇಡಿಯಾಗಿರಬೇಕಾದರೆ 180 ಡಿಗ್ರಿಯ ಒಲೆಗೂಡಿನಲ್ಲಿ ಮುಚ್ಚಿಟ್ಟು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಬೇಯಿಸುವುದು ಮೇಲು. ಎಳೆಯ ದಂಟಿಗೆ ಸಿಪ್ಪೆ ತೆಗೆಯಬೇಕಿಲ್ಲ. ಬೇಸಗೆಯ ಬಲಿತ ದಂಟಿನ ನಾರನ್ನು ಸುಲಿಯಬೇಕು. ಶುಂಠಿಯೂ ಕಿತ್ತಳೆಯ ಸಿಪ್ಪೆಯೂ ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಇಂಗ್ಲಿಷರ ‘ಕ್ರಂಬಲ್’ ಎಂಬ ಭಕ್ಷ್ಯಕ್ಕೆ ಇದೇ ಅರ್ಧ ಕಿಲೋಗ್ರಾಂ ಸಕ್ಕರೆ ಬೆರಸಿದ ಹಸಿ ದಂಟಿನ ಮೇಲೆ, 200 ಗ್ರಾಂ ಮೈದಾಹಿಟ್ಟಿಗೆ 100 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದ ತಿಕ್ಕಿ ರವೆಯಂತೆ ಉದುರುದುರಾಗಿಸಿ, 75 ಗ್ರಾಂ ಸಕ್ಕರೆ ಸೇರಿಸಿ ಹರಡಿ, ಮೇಲುಭಾಗ ಹೊಂಬಣ್ಣಕ್ಕೆ ಬರುವವರೆಗೆ ಸುಮಾರು ನಲವತ್ತು ನಿಮಿಷ ಬೇಯಿಸುತ್ತಾರೆ.

ನಮ್ಮ ರುಚಿಗೆ ಹೇಳುವುದಾದರೆ, ಸಕ್ಕರೆಯ ಭಕ್ಷ್ಯಕ್ಕಿಂತ ಗೊಜ್ಜಿಗೇ ಈ ದಂಟು ಹೆಚ್ಚು ಯೋಗ್ಯ. ಎಣ್ಣೆಯಲ್ಲಿ ಸಾಸಿವೆ, ನಾಲ್ಕು ಕಾಳು ಮೆಂತ್ಯ, ಒಣಮೆಣಸಿನಕಾಯಿ, ಇಂಗು, ಕರಿಬೇವು ಒಗ್ಗರಣೆ ಕೊಟ್ಟು, ಕಾಲು ಕಿಲೋಗ್ರಾಂ ತುಂಡುಗಳನ್ನು ಅರಿಸಿನ, ಉಪ್ಪುಗಳೊಡನೆ ಹಾಕಿ ಮುಚ್ಚಿದರೆ ಐದಾರು ನಿಮಿಷದಲ್ಲಿ ಅದು ತಾನೇ ಕರಗುತ್ತದೆ. ಆಗ ನಿಂಬೆಗಾತ್ರದ ಎರಡು ಉಂಡೆ ಬೆಲ್ಲ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಬೇಕು. ಹುಣಸೆಹಣ್ಣು ಬೇಡ. ತೊವ್ವೆಗೆ ಹಾಕುವುದಾದರೆ ಬೇಳೆ ಪೂರ್ಣವಾಗಿ ಬೆಂದ ಮೇಲೆಯೇ ಹಾಕತಕ್ಕದ್ದು. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯದೆ ಗಟ್ಟಿಯಾಗಿ ನಿಲ್ಲುತ್ತದೆ.

ಹುಳಿದಂಟನ್ನು ತಿನ್ನುವುದು ಇಂಗ್ಲೆಂಡಿನ ಆವಿಷ್ಕಾರವೆಂದೂ ತಿಳಿಯಬೇಕಾಗಿಲ್ಲ. ಹಿಮಾಲಯದ ಎತ್ತರದಲ್ಲಿ ರೀಯಮ್ ಜಾತಿಯ ಪ್ರಭೇದಗಳು ತಾವಾಗಿಯೇ ಬೆಳೆಯುತ್ತವೆ. ಕಾಶ್ಮೀರದಲ್ಲಿ ಅವುಗಳ ದಂಟು ಅಡಿಗೆಗೆ ಸಲ್ಲುತ್ತದೆ. ಸಿಕ್ಕಿಮಿನಲ್ಲಿ ಸಂಚರಿಸಿದ ಜೋಸೆಫ್ ಹೂಕರ್ 1855ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ ರೀಯಮ್ ನೋಬಿಲೆ ಎಂಬುದು ಆಳೆತ್ತರದ ಗೋಪುರದಂತೆ ನಿಂತು, ಒಂದರ ಮೇಲೊಂದು ಹೊದೆದ ಪಾರದರ್ಶಕ ಎಲೆಗಳ ಒಳಗೆ ತನ್ನ ಹೂಗಳನ್ನು ಗಾಜಿನ ಮನೆಯಲ್ಲಿಟ್ಟಂತೆ ಬೆಚ್ಚಗಿಟ್ಟುಕೊಳ್ಳುತ್ತದೆ. ಅದರ ಹುಳಿಕಾಂಡವನ್ನು ಅಲ್ಲಿನವರು ‘ಚುಕ’ ಎಂದು ಕರೆದು ತಿನ್ನುತ್ತಿದ್ದರೆಂದು ಆತ ಬರೆದಿದ್ದಾನೆ. ಸಂಸ್ಕೃತದಲ್ಲಿ ಹುಳಿಗೆ ‘ಚುಕ್ರ’ ಎಂಬ ಶಬ್ದವಿರುವುದನ್ನೂ ನಮ್ಮ ‘ಚುಕ್ಕಿ’ಯನ್ನೂ ನೆನೆದರೆ, ಭಾಷಾವಿದರು ಈ ಮೂರನ್ನೂ ಒಟ್ಟಿಗೆ ಪರಿಶೀಲಿಸುವುದು ಯುಕ್ತವೆನಿಸುತ್ತದೆ.

ಸಂಗ್ರಹದ ಮಾತು ಉಳಿಯಿತು. ಹೆಚ್ಚು ಬೆಳೆದಾಗ ದಂಟನ್ನು ತೊಳೆದು ಒರಸಿ, ತುಂಡುಮಾಡಿ ಶೀತಕದಲ್ಲಿ ಗಟ್ಟಿಗೊಳಿಸಿಟ್ಟರೆ ವರ್ಷವಿಡೀ ಅಡಿಗೆಗೆ ಒದಗುತ್ತದೆ. ತೆಗೆದಾಗ ಕರಗಿಸದೆ ನೇರವಾಗಿ ಪಾತ್ರೆಗೆ ಹಾಕಬೇಕು. ಜಾಮ್ ಮಾಡುವವರು ಒಂದು ಕಿಲೋಗ್ರಾಂ ದಂಟಿಗೆ ಅಷ್ಟೇ ತೂಕದ ಸಕ್ಕರೆ ಬೆರಸಿ ಒಂದು ರಾತ್ರಿ ಬಿಟ್ಟರೆ ಅದು ತನ್ನ ನೀರನ್ನು ತಾನೇ ಬಿಡುತ್ತದೆ. ರೂಬಾರ್ಬಿನಲ್ಲಿ ಪೆಕ್ಟಿನ್ ಕಡಮೆಯಾದ್ದರಿಂದ ದೊಡ್ಡ ಜಾತಿಯ ಎರಡು ನಿಂಬೆಹಣ್ಣಿನ ರಸವನ್ನೂ, ಜಜ್ಜಿದ ಒಂದು ತುಂಡು ಶುಂಠಿಯನ್ನೂ ಸೇರಿಸಿ ಭರದಿಂದ ಕುದಿಸಬೇಕು. ತಣ್ಣನೆಯ ತಟ್ಟೆಯ ಮೇಲೆ ಹಾಕಿದ ತೊಟ್ಟು ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಪಾಕ ಬಂದಿತೆಂದು ತಿಳಿದು, ಒಲೆಯಿಂದ ಇಳಿಸಿ, ಬಿಸಿಯಿರುವಾಗಲೇ ಬಿಸಿಮಾಡಿದ ಸೀಸೆಗಳಿಗೆ ತುಂಬುವುದು.